ನಾನೇ ಕುಡಿಸಿದ ನಾಲ್ಕನೇ ಚೊಂಬು

ವೀರಭದ್ರಸ್ವಾಮಿಯ ಒಕ್ಕಲಿನ ಅಕ್ಕತಂಗಿಯರೇ, ನನ್ನ ಗಂಡನ ಬಾಯಿಂದ ರಕ್ತ ಬಂದದ್ದನ್ನೂ ಅದು ನಿಂತದ್ದನ್ನೂ ನಿಮಗೆ ಹೇಳಬೇಕು. ನನ್ನ ಹೆಸರು ಬರೆಯುತ್ತಿಲ್ಲ. ಯಾಕೆಂದು ಕೊನೆಗೆ ತಿಳಿಯುತ್ತದೆ.

ಮಧುಗಿರಿಯಲ್ಲಿ ನಮ್ಮ ಮನೆಯವರದು ಫೋಟೊ ಸ್ಟುಡಿಯೊ. ಹೋದ ಶ್ರಾವಣಕ್ಕೆ ಮುಂಚೆ ಎರಡು ತಿಂಗಳು ಅವರಿಗೆ ಊಟ ಸೇರಲಿಲ್ಲ. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿಕೊಂಡಿದ್ದರು. ಡಾಕ್ಟರು ಗ್ಯಾಸ್ಟ್ರಿಕ್ ಎಂದರು. ಅತ್ತೆಯವರು ಮಾತ್ರ, ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ, ವಾಂತಿ ಮಾಡಿಸಿ ತೆಗೆಸಬೇಕು ಎಂದರು. ಯಾರು ಹಾಕಿದ್ದು ಎಂದು ಕೇಳಿದೆ.

"ಅವ್ನಿಗೆ ದಿನಾ ಉಣ್ಣಕ್ಕಿಕ್ಕೋರು ಯಾರು? ನಾನೇನ್ ಹೆಸ್ರು ಹೇಳುದ್ನಾ? ಕಾನ್ವೆಂಟ್ ಓದಿರೋಳು ನೀನು, ನೀನೇ ತಿಳ್ಕೊ ಕಣಮ್ಮ."

ಹದಿನಾಲ್ಕು ವರ್ಷ ಬಡಿಸಿದ ಕೈಯನ್ನು ಅಂದು ತಿರುಗಿಸಿ ನೋಡಿಕೊಂಡೆ.

ಸೋಮವಾರ ಬೆಳಿಗ್ಗೆ ಮೂವರೂ ಪಾವಗಡದ ಬಸ್ಸು ಹತ್ತಿದೆವು. ಬೇಡವೆಂದರೆ ತಪ್ಪು ಒಪ್ಪಿಕೊಂಡಂತೆ ಎಂದು ನಾನು ಬಾಯಿ ಬಿಡಲಿಲ್ಲ. ಪಾವಗಡದಾಚೆಯ ಹಳ್ಳಿಯಲ್ಲಿ ಮದ್ದು ತೆಗೆಯುವ, ತೆಲುಗು ಬೆರೆಸಿ ಮಾತಾಡುವ ಅಜ್ಜಿ ಉಪ್ಪುನೀರಿಗೆ ಎಂಥದೋ ಸೊಪ್ಪಿನ ರಸ ಬೆರೆಸಿದಳು. ಮೂರು ಚೊಂಬು, ಮೂರು ಸಲ ವಾಂತಿ. ಆಮೇಲೆ ಬರೀ ಓಕರಿಕೆ. ಕತ್ತಿನ ನರಗಳು ಉಬ್ಬಿಕೊಂಡಿದ್ದವು. ಸಾಕೆಂದು ಅವರು ಕೈಮುಗಿದರು.

"ಇಂಕಾ ಐತಮ್ಮಾ ಒಳ್ಗೆ. ನೀನೇ ಕುಡ್ಸು," ಎಂದು ಅಜ್ಜಿ ನಾಲ್ಕನೆಯದನ್ನು ನನ್ನ ಕೈಗಿಟ್ಟಳು.

ಅತ್ತೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿಸಿಬಿಟ್ಟೆ.

ಈ ಸಲ ಕರ್ರಗಿನದೊಂದು ಚೂರು ಬಂತು. "ಚೂಡು, ಇದೇ ಮದ್ದು!" ಎಂದಳು ಅಜ್ಜಿ. ಅದು ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಹಾಕಿದ್ದ ಕರಿಬೇವಿನ ಎಲೆ, ಮಡಚಿಕೊಂಡಿತ್ತು. ಅದರ ಸುತ್ತ ಕೆಂಪಿತ್ತು.

"ರಕ್ತ ಅತ್ತೆ," ಎಂದೆ.

"ಮದ್ದು ಕಿತ್ಕೊಂಡ್ ಬಂದ್ರೆ ರಕ್ತ ಬರ್ದೆ ಹಾಲು ಬತ್ತದಾ?"

ವಾಪಸು ಬರುವಾಗ ಮಧುಗಿರಿ ಇನ್ನೇನು ಬಂತು ಎನ್ನುವಲ್ಲಿ ನಮ್ಮ ಮನೆಯವರು ನನ್ನ ಸೆರಗಿನ ಮೇಲೆಯೇ ರಕ್ತ ಕಾರಿಕೊಂಡರು. ಕಂಡಕ್ಟರು ಡ್ರೈವರಿಗೆ, "ಲೇ, ಎಲ್ಲೂ ನಿಲ್ಲುಸ್ಬೇಡ ಕಣ್ಲಾ, ಸೀದಾ ಆಸ್ಪತ್ರೆ ಗೇಟ್‌ಗೆ ಬುಡು!" ಎಂದು ಕೂಗಿದರು. ಅಲ್ಲಿ ಡ್ರಿಪ್ ಹಾಕಿ ತುಮಕೂರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಮತ್ತೆ ಎರಡು ಸಲ ರಕ್ತ. ಕೊರಟಗೆರೆ ಬರುವಷ್ಟರಲ್ಲಿ ಅವರ ಬೆರಳುಗಳು ತಣ್ಣಗಾಗಿದ್ದವು. ನಾನು ಕಣ್ಣು ಮುಚ್ಚಿ ಬೇಡಿಕೊಂಡೆ. ಸ್ವಾಮಿ, ನನ್ನ ಹೆಸರು ಹೋಗಲಿ, ಇವರ ಪ್ರಾಣ ಉಳಿಸು. ಮದ್ದು ಹಾಕಿದವಳು ಎನ್ನಿಸಿಕೊಂಡೇ ಇರುತ್ತೇನೆ, ಮನೆಯಲ್ಲಿ ಎದುರಾಡುವುದಿಲ್ಲ.

ಆಮೇಲೆ ಒಂದು ತೊಟ್ಟೂ ಬರಲಿಲ್ಲ.

ತುಮಕೂರಿನಲ್ಲಿ ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ ಹೊರಗೆ ಬಂದರು. "ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಒಳಪದರ ಸೀಳಿದೆ. ಮೇಲಿಂದ ಮೇಲೆ ಜೋರಾಗಿ ವಾಂತಿ ಆದ್ರೆ ಹಿಂಗಾಗುತ್ತೆ. ಪುಣ್ಯ, ರಕ್ತ ತಾನಾಗೇ ನಿಂತಿದೆ. ಅಷ್ಟು ವಾಂತಿ ಯಾಕಾಯ್ತು?"

"ಬಸ್ಸಾಗ್ಲಿಲ್ಲ ಕಣಮ್ಮ ಅವ್ನಿಗೆ," ಎಂದರು ಅತ್ತೆಯವರು, ನೆಲ ನೋಡುತ್ತಾ.

"ಉಪ್ಪುನೀರು ಕುಡಿಸಿದ್ವಿ," ಎಂದೆ. "ಕೊನೇದನ್ನ ನಾನೇ ಕುಡಿಸಿದೆ."

"ನೋಡಿದ್ರೆ ಓದಿದೋರ ಥರ ಇದ್ದೀರ. ಗಂಡನ್ನ ಕೊಲ್ಲೋದೇ ಬಾಕಿ ಇತ್ತು!"

ಅತ್ತೆಯವರು ತಲೆ ಎತ್ತಲಿಲ್ಲ. ಅಜ್ಜಿಯ ಹತ್ತಿರ ಕರೆದೊಯ್ದವರು ಯಾರೆಂದು ನಾನು ಹೇಳಲಿಲ್ಲ; ಎದುರಾಡುವುದಿಲ್ಲ ಎಂದು ಸ್ವಾಮಿಗೆ ಹೇಳಿದ್ದೆನಲ್ಲ.

ನಾಲ್ಕನೇ ದಿನ ಮನೆಗೆ ಬಂದೆವು. ಊಟ ಸೇರದ್ದಕ್ಕೂ ಅಲ್ಲಿಯ ಔಷಧಿಯೇ ಹಿಡಿಯಿತು. ಆದರೆ ಬಂದವರಿಗೆಲ್ಲ ಅತ್ತೆಯವರು ಹೇಳುವುದು ಒಂದೇ: "ಮದ್ದು ಹೋಯ್ತು, ಮಗ ಚೇತರುಸ್ಕೊಂಡ." ಅಡುಗೆ ಈಗಲೂ ನನ್ನದೇ. ಎದುರಿಗೇ ನಾನು ರುಚಿ ನೋಡಿದ ಮೇಲೆ ಮಗನ ತಟ್ಟೆಗೆ ಬಡಿಸುವುದು ಮಾತ್ರ ಅತ್ತೆಯವರು. ನಮ್ಮ ಮನೆಯವರು ತಟ್ಟೆ ನೋಡಿಕೊಂಡು ಉಣ್ಣುತ್ತಾರೆ.

ಸ್ವಾಮಿ ನಾನು ಕೇಳಿದ್ದನ್ನು ಕೊಟ್ಟ. ಕೊಡುತ್ತೇನೆಂದ ಹೆಸರನ್ನು ಬಿಡದೆ ತೆಗೆದುಕೊಂಡ; ಅದಕ್ಕೇ ಇಲ್ಲಿ ಅದನ್ನು ಬರೆದಿಲ್ಲ. ಅವನಿಗೆ ಕಿವಿಯಿದೆ ಎನ್ನುವುದರಲ್ಲಿ ಈಗ ನನಗೆ ಯಾವ ಸಂಶಯವೂ ಇಲ್ಲ. ದಿನವೂ ಅಡುಗೆಮನೆ ಬಾಗಿಲಲ್ಲಿ ನಿಂತು, ಅವರು ಎರಡನೇ ಸಲ ಅನ್ನ ಕೇಳುವವರೆಗೆ ಕಾಯುತ್ತೇನೆ. ಕೇಳಿದ ಮೇಲೆ ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕುತ್ತೇನೆ.