ಗಮ್ರಾ ಖಾಲ್ತಿ ಓಡಿಬಂದದ್ದು

ನನ್ನ ತಾಯಿಯ ತಂಗಿ ಗಮ್ರಾ ಮದುಮಗಳಿಗೆ ಮದರಂಗಿ ಹಚ್ಚುವವಳು. ನಮ್ಮೂರು ಗಾಬೆಸ್‌ನ ದೊಡ್ಡ ಮನೆಗಳಲ್ಲಿ ಮದುವೆಯೆಂದರೆ ಅವಳು ಇರಲೇಬೇಕಿತ್ತು. ಕಪ್ಪು ಹೆಂಗಸು ಪಕ್ಕದಲ್ಲಿ ಕುಳಿತರೆ ಮದುಮಗಳಿಗೆ ದೃಷ್ಟಿ ತಾಗುವುದಿಲ್ಲವೆಂದು ಆ ಮನೆಯವರ ನಂಬಿಕೆ. ಹಾಡಿ, ದಮ್ಮಡಿ ಬಾರಿಸಿ, ಎಲ್ಲರನ್ನೂ ನಗಿಸಿ, ಊಟದ ಹೊತ್ತಿಗೆ ಅವಳು ತಾನಾಗಿಯೇ ಅಡುಗೆಮನೆಯ ಕಡೆ ಸರಿದುಬಿಡಬೇಕು. ಅದೂ ಅಷ್ಟೇ ಹಳೆಯ ಪದ್ಧತಿ. ಅವರು ಅವಳನ್ನು ‘ದಾದಾ’ ಎಂದು ಕರೆಯುತ್ತಾರೆ. ಮಕ್ಕಳನ್ನು ಎತ್ತಿ ಆಡಿಸುವ ಕಪ್ಪು ಆಳಿಗೆ ಇರುವ ಹೆಸರದು. ನಮಗೆ ಅವಳು ಖಾಲ್ತಿ, ಅಂದರೆ ಚಿಕ್ಕಮ್ಮ.

ಊರನ್ನೆಲ್ಲ ನಗಿಸುವವಳಾದರೂ ಅವಳಷ್ಟು ಪುಕ್ಕಲು ಜೀವವನ್ನು ನಾನು ಕಂಡಿಲ್ಲ. ಯಾರಾದರೂ ಹೆಸರು ಹಿಡಿದು ಕೂಗಿದರೆ ಸಾಕು, ಏನು ತಪ್ಪಾಯಿತೋ ಎಂದು ಮುಖ ಸಣ್ಣದು ಮಾಡಿಕೊಳ್ಳುವಳು.

ಒಂದು ಚಳಿಗಾಲದ ಕೊನೆಗೆ ಲಲ್ಲಾ ಬಹೀಜಾ ಹೇಳಿಕಳಿಸಿದಳು. ಖಾಲ್ತಿ ವರ್ಷಾನುಗಟ್ಟಲೆ ಹೋಗಿಬರುತ್ತಿದ್ದ ಮನೆಯ ಯಜಮಾನಿ ಅವಳು; ಲಲ್ಲಾ ಅಂದರೆ ಅಮ್ಮಾವ್ರು. ರಂಜಾನ್ ತಿಂಗಳ ಟೀವಿ ಧಾರಾವಾಹಿಗೆ ಅವಳ ಮನೆಯಲ್ಲಿ ಮದುವೆಯ ದೃಶ್ಯ ತೆಗೆಯುತ್ತಾರಂತೆ. ಮದರಂಗಿ ಹಚ್ಚುವವಳಾಗಿ ಗಮ್ರಾ ಬರಬೇಕಂತೆ. ಒಂದೆರಡು ಮಾತೂ ಇದೆಯಂತೆ.

ಖಾಲ್ತಿ ನೇರವಾಗಿ ನಮ್ಮ ಮನೆಗೆ ಬಂದಳು. “ವಿಸಾಲ್, ನೀನು ಕಥೆ ಬರೆಯೋಳು, ನಿಂಗೊತ್ತಿರುತ್ತೆ. ಟೀವಿಯಲ್ಲಿ ನಾನು ಇನ್ನೂ ಕಪ್ಪಾಗಿ ಕಾಣ್ತೀನಾ?”

“ಇರೋ ಹಾಗೇ ಕಾಣ್ತೀಯ, ಖಾಲ್ತಿ.”

“ಅದೇ ನನ್ನ ಚಿಂತೆ ನೋಡು,” ಎಂದು ನಕ್ಕಳು. ನಗುವಾಗಲೂ ಅವಳ ಬೆರಳುಗಳು ಶಾಲಿನ ಅಂಚನ್ನು ಹಿಂಡುತ್ತಿದ್ದವು.

ನನಗೂ ಒಳಗೊಳಗೇ ಅಳುಕು. ಚಿಕ್ಕಂದಿನಿಂದ ನಾನು ಟೀವಿಯಲ್ಲಿ ಕಂಡ ಕಪ್ಪು ಹೆಂಗಸರೆಲ್ಲ ಕಾಫಿ ತಂದಿಟ್ಟು ಹೋಗುವವರು, ಇಲ್ಲವೇ ಮಾಟ ಮಾಡುವವರು. ಆದರೆ ಅವಳ ಉತ್ಸಾಹಕ್ಕೆ ನೀರೆರಚಲು ಮನಸ್ಸಾಗಲಿಲ್ಲ.

ಚಿತ್ರೀಕರಣದ ದಿನ ಅಲ್ಲಿ ನಡೆದದ್ದನ್ನು ಖಾಲ್ತಿಯೇ ಆಮೇಲೆ ತುಂಡುತುಂಡಾಗಿ ಹೇಳಿದಳು. ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಮದುಮಗಳಾಗಿದ್ದ ನಟಿ ಒಳ್ಳೆಯ ಹುಡುಗಿ, ಅಲ್ಲಾಡದೆ ಕೈ ಚಾಚಿ ಕುಳಿತಿದ್ದಳು. ಎಡಗೈ ಮುಗಿಯುವ ಹೊತ್ತಿಗೆ ಬಾಗಿಲ ಬಳಿ ಗದ್ದಲವಾಯಿತು. ತಲೆಯೆತ್ತಿದರೆ ಎದುರಿಗೊಬ್ಬ ಹೆಂಗಸು. ಮುಖಕ್ಕೆ ಮಸಿಯಂಥ ಬಣ್ಣ, ತುಟಿಗೆ ಕೆಂಪು, ಲಂಗದೊಳಗೆ ದಿಂಬು ಕಟ್ಟಿ ಉಬ್ಬಿಸಿದ ಹಿಂಭಾಗ. ಹೆಂಗಸಲ್ಲ, ಗಂಡಸು. ಮನೆಮಂದಿಯೆಲ್ಲ ಮೆಚ್ಚಿ ನೋಡುವ ಹಾಸ್ಯನಟ ನೌಫಲ್.

ನಿರ್ದೇಶಕರ ಸಹಾಯಕ ಅನೀಸ್ ಬಂದು ವಿವರಿಸಿದ. “ದಾದಾ, ಪಾತ್ರ ಇವರು ಮಾಡ್ತಾರೆ. ನಿಮ್ಮ ಕೈ ಮಾತ್ರ ಹತ್ತಿರದಿಂದ ತೋರಿಸ್ತೀವಿ. ನೀವು ನಡೆಯೋದು, ನಗೋದು ಹೇಗೆ ಅಂತ ಇವರಿಗೊಂದು ಸಲ ತೋರಿಸಿಬಿಡಿ.”

ನೌಫಲ್ ಅವಳ ಮುಂದೆ ಮಂಡಿಯೂರಿ ಕುಳಿತ. ಒರಟನಲ್ಲ, ಮಾತು ಬಲು ಮೃದು. “ಖಾಲ್ತಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ನಗು ಬಗ್ಗೆ ಈ ಮನೆಯವರೆಲ್ಲ ಹೇಳಿದಾರೆ. ಒಂದೇ ಒಂದು ಸಲ.”

ಖಾಲ್ತಿ ನಕ್ಕಳು. ಯಾಕೆ ನಕ್ಕೆನೋ ಗೊತ್ತಿಲ್ಲ, ಎಲ್ಲರೂ ಕಾಯುತ್ತಿದ್ದರು ಎನ್ನುತ್ತಾಳೆ. ಅವನು ತಕ್ಷಣ ಹಾಗೆಯೇ ನಕ್ಕು ತೋರಿಸಿದ. ಅದೇ ಏರು, ಅದೇ ಇಳಿತ, ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿಯುವುದೂ ಅದೇ. ಕೋಣೆಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಲಲ್ಲಾ ಬಹೀಜಾ ಕಣ್ಣೊರೆಸಿಕೊಳ್ಳುತ್ತ, “ಥೇಟ್ ನೀನೇ ಕಣೇ, ಗಮ್ರಾ,” ಎಂದಳು.

“ನಿಮ್ಮ ಶಾಲೂ ಕೊಟ್ರೆ ಪೂರ್ತಿ ಆಗುತ್ತೆ,” ಎಂದ ಅನೀಸ್.

ಖಾಲ್ತಿ ಮದರಂಗಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. “ಒಲೆ ಮೇಲೆ ಪಾತ್ರೆ ಬಿಟ್ಟು ಬಂದಿದೀನಿ. ಈಗ ಬಂದೆ,” ಎಂದು ಎದ್ದವಳು, ಶಾಲನ್ನು ಬಿಗಿಯಾಗಿ ಸುತ್ತಿಕೊಂಡು, ಅಡುಗೆಮನೆಯ ಹಿಂಬಾಗಿಲಿನಿಂದ ಹೊರಬಿದ್ದು, ಖರ್ಜೂರದ ತೋಟದ ಕಾಲುವೆಯ ಅಂಚಿನಲ್ಲಿ ಅಕ್ಷರಶಃ ಓಡಿದಳು. ನಟಿಯ ಬಲಗೈ ಹಾಗೆಯೇ ಉಳಿಯಿತು.

ನಮ್ಮ ಮನೆಗೆ ಬಂದು ಬಾಗಿಲ ಚಿಲಕ ಹಾಕಿದಳು. “ಅವರು ಹುಡುಕ್ಕೊಂಡು ಬಂದ್ರೆ ನಾನಿಲ್ಲ ಅನ್ನು.”

ಯಾರೂ ಬರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ತಂದಿತು. ರಂಜಾನ್ ಶುರುವಾದ ಮೇಲೆ ಉಪವಾಸ ಬಿಟ್ಟು ಖರ್ಜೂರ ಬಾಯಿಗಿಡುವಾಗಲೇ ಅವಳ ಕಣ್ಣು ಟೀವಿಯ ಕಡೆ ತಿರುಗುವುದು. “ಇವತ್ತು ಬರುತ್ತಾ?” “ಇವತ್ತಲ್ಲ, ಖಾಲ್ತಿ.” ಸೂಪು ಬಟ್ಟಲಲ್ಲೇ ಆರುವುದು.

ಕೊನೆಗೆ ಒಂದು ಸಂಜೆ ಆ ದೃಶ್ಯ ಬಂತು. ಶಾಲು ಬೇರೆ, ನಗು ಮಾತ್ರ ಅವಳದೇ. ನೌಫಲನ ಮಸಿಬಣ್ಣದ ಆಳು ಮದುಮಗಳ ಮಿಠಾಯಿ ಕದ್ದು ಲಂಗದೊಳಗೆ ಸೇರಿಸುತ್ತ ನಕ್ಕಳು. ಪಕ್ಕದ ಮನೆಯಿಂದಲೂ ನಗೆಯ ಅಲೆ ಕೇಳಿತು. ಖಾಲ್ತಿ ಟೀವಿಯನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೂ ನಗುತ್ತೇನೋ ಎಂಬಂತೆ.

“ಬಣ್ಣ ಹಿಡಿದು ಅವಮಾನಿಸೋದರ ವಿರುದ್ಧ ಕಾನೂನು ಇದೆ. ದೂರು ಕೊಡೋಣ,” ಎಂದೆ.

“ಕೋರ್ಟಲ್ಲೂ ಅದನ್ನೇ ಹಾಕಿ ತೋರಿಸ್ತಾರೆ. ಅಲ್ಲಿರೋರೂ ನಗ್ತಾರೆ. ಬೇಡ.”

ಆಮೇಲೆ ಓಣಿಯ ಮಕ್ಕಳು ಅವಳನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದವು. ಮದುವೆಯ ಕಾಲ ಬಂದರೂ ದೊಡ್ಡ ಮನೆಗಳಿಂದ ಕರೆ ಬರಲಿಲ್ಲ. ಚಿತ್ರೀಕರಣದ ನಡುವೆ ಕೈಕೊಟ್ಟಳೆಂದು ಲಲ್ಲಾ ಬಹೀಜಾ ಎಲ್ಲರಿಗೂ ಹೇಳಿದ್ದಳು.

ನನ್ನ ಎದೆ ಉರಿಯಿತು. ಒಂದು ಕಥೆ ಬರೆದೆ. ಊರಿನ ಗ್ರಂಥಾಲಯದಲ್ಲಿ ಅದನ್ನು ಓದಲು ಕರೆದಾಗ ಖಾಲ್ತಿಯನ್ನೂ ಕರೆದುಕೊಂಡು ಹೋದೆ. ನನ್ನ ಕಥೆಯಲ್ಲಿ ಅವಳು ಮದರಂಗಿಯ ಬಟ್ಟಲನ್ನು ನೆಲಕ್ಕೆ ಅಪ್ಪಳಿಸಿ, ಆ ನಟನ ಕಣ್ಣಲ್ಲಿ ಕಣ್ಣಿಟ್ಟು, ಆ ಮನೆಗಳಲ್ಲಿ ಆಳುಗಳಾಗಿ ದುಡಿದ ನಮ್ಮ ಅಜ್ಜಿಯರ ಹೆಸರು ಹೇಳಿ, ಕೋಣೆಯನ್ನೇ ಮೌನವಾಗಿಸುತ್ತಾಳೆ. ಓದಿ ಮುಗಿಸಿದಾಗ ಚಪ್ಪಾಳೆ ಬಿತ್ತು. ನಮ್ಮವರೇ ಆದ ಕೆಲವು ಹೆಂಗಸರು ಅಳುತ್ತಿದ್ದರು.

ಖಾಲ್ತಿ ಎದ್ದು ನಿಂತಳು. ಸಭೆಯಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು.

“ಬಿಂತಿ, ನನ್ನ ಮಗಳೇ, ಇದು ನಾನಲ್ಲ,” ಎಂದಳು. “ನಾನು ಏನೂ ಅಪ್ಪಳಿಸ್ಲಿಲ್ಲ. ಅವನು ಕೇಳಿದ್ದಕ್ಕೆ ನಕ್ಕೆ. ಆಮೇಲೆ ಸುಳ್ಳು ಹೇಳಿ ಓಡಿಬಂದೆ.”

“ಖಾಲ್ತಿ, ಇದು ಕಥೆ...”

“ಗೊತ್ತು. ಅವನು ನನ್ನ ಕಳ್ಳಿ ಮಾಡ್ದ, ನೀನು ಸಿಂಹಿಣಿ ಮಾಡ್ದೆ. ಹೆದರ್ಕೊಂಡೋಳು ಎಲ್ಲಿ ಹೋದ್ಲು? ನಾಳೆ ಇನ್ನೊಬ್ಳು ಹೀಗೇ ನಡುಗ್ತಾ ಕೂತಿರ್ತಾಳೆ. ನಿನ್ನ ಕಥೆ ಓದಿ, ತಾನೊಬ್ಳೇ ಹೇಡಿ ಅಂದ್ಕೊಳ್ಳಲ್ವಾ?”

ಹಿಂದಿನ ಸಾಲಿನ ಒಬ್ಬ ನರ್ಸ್ ಮೆಲ್ಲಗೆ, “ನಾನೂ ನಕ್ಕಿದೀನಿ, ಖಾಲ್ತಿ. ಆಸ್ಪತ್ರೇಲಿ. ಡಾಕ್ಟರು ನನ್ನ ಬಣ್ಣದ ಮೇಲೆ ತಮಾಷೆ ಮಾಡ್ದಾಗ,” ಎಂದಳು. ಆಮೇಲೆ ಮತ್ತೊಬ್ಬಳು ಶುರುಮಾಡಿದಳು. ಆ ಸಂಜೆ ನನ್ನ ಕಥೆಯ ಬಗ್ಗೆ ಚರ್ಚೆಯೇ ನಡೆಯಲಿಲ್ಲ.

ಹೊರಗೆ ಬಂದಾಗ ಖಾಲ್ತಿ ನನ್ನ ತೋಳು ಹಿಡಿದಳು. “ಜಾಸ್ತಿ ಮಾತಾಡ್ಬಿಟ್ನಾ? ನಿನ್ನ ಕೆಲಸಕ್ಕೆ ತೊಂದರೆ ಆಗುತ್ತಾ?”

“ಇಲ್ಲ.”

“ನಿಜ ಹೇಳು.”

ಆ ಕಥೆಯನ್ನು ನಾನು ಅಚ್ಚಿಗೆ ಕೊಡಲಿಲ್ಲ. ಓಡಿಬಂದವಳ ಕಥೆಯನ್ನು ಬರೆಯುತ್ತಿದ್ದೇನೆ. ಅದು ಕಷ್ಟ, ಇನ್ನೂ ಮುಗಿದಿಲ್ಲ. ಖಾಲ್ತಿ ಈಗ ದೊಡ್ಡ ಮನೆಗಳಿಗೆ ಹೋಗುವುದಿಲ್ಲ. ಮದರಂಗಿ ಬೇಕಾದವರು ತನ್ನ ಮನೆಗೇ ಬರಲಿ ಎಂದು ಹೇಳಿಕಳಿಸಿದಳು. ಹೇಳಿಕಳಿಸಿದ ಮೇಲೆ, ಸೊಕ್ಕು ಬಂತು ಅಂದುಕೊಳ್ಳುತ್ತಾರೇನೋ ಎಂದು ನಿದ್ದೆಗೆಟ್ಟಳು. ಆ ನರ್ಸಿನ ತಂಗಿ ಬಂದಳು, ಮೀನುಗಾರರ ಮನೆಯ ಹುಡುಗಿಯರು ಕೆಲವರು ಬಂದರು. ಕಳೆದ ತಿಂಗಳು ಲಲ್ಲಾ ಬಹೀಜಾಳ ಮೊಮ್ಮಗಳು ಬರುತ್ತೇನೆಂದಿದ್ದಳು. ಖಾಲ್ತಿ ಬೆಳಗಿನಿಂದ ನೆಲ ಒರೆಸಿ, ದಿಂಬು ಸರಿಪಡಿಸಿ, ಮತ್ತೆ ನೆಲ ಒರೆಸಿದಳು. ಆ ಹುಡುಗಿ ಬರಲಿಲ್ಲ, ಫೋನೂ ಮಾಡಲಿಲ್ಲ. ಕಲಸಿಟ್ಟ ಮದರಂಗಿಯನ್ನು ಖಾಲ್ತಿ ನನ್ನ ಎರಡೂ ಕೈಗೆ ಹಚ್ಚಿದಳು.