ಎದುರಿನಿಂದ ಬಂದ ಹೆಜ್ಜೆಗಳು

ನಮ್ಮ ಮನೆಯ ನಡುಮನೆಗೆ ಕಳೆದ ವರ್ಷ ಹೊಸ ಟೈಲ್ಸ್ ಹಾಕಿಸಿದೆವು. ಸಾಮಾನು ಇನ್ನೂ ಪೂರ್ತಿ ತುಂಬದ ಆ ಉದ್ದನೆಯ ಕೋಣೆಯಲ್ಲಿ ಚಪ್ಪಲಿ ಮೆಟ್ಟಿ ನಡೆದರೆ ಹೆಜ್ಜೆಯ ಸದ್ದು ಎದುರು ಗೋಡೆಗೆ ತಾಗಿ, ತುಸು ತೆಳ್ಳಗಾಗಿ, ನಡೆದವರ ಕಡೆಗೇ ಹಿಂದಿರುಗುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಇದನ್ನು ಪ್ರತಿಧ್ವನಿ ಎನ್ನಬಾರದು. ಪ್ರತಿಧ್ವನಿಗೆ ಎದುರಿನ ಗೋಡೆ ಹದಿನೇಳು ಮೀಟರಾದರೂ ದೂರವಿರಬೇಕು, ಇದು ಬರಿಯ ಅನುರಣನ. ಹೆಸರು ಯಾವುದಾದರೇನು, ಜನವರಿಯಿಂದ ನನಗೆ ಆ ಸದ್ದು ಆಗದು. ಅಟ್ಟದ ಮೇಲಿದ್ದ ಹಳೆಯ ಜಮಖಾನಗಳನ್ನೆಲ್ಲ ಇಳಿಸಿ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಹಾಸಿಬಿಟ್ಟಿದ್ದೇನೆ. "ಟೈಲ್ಸ್‌ಗೆ ಅಷ್ಟೊಂದು ಸುರಿದು ಮೇಲೆ ಜಮಖಾನ ಮುಚ್ಚಿದ್ದೀಯಲ್ಲೇ, ಮೊದಲೇ ಹೇಳಿದ್ರೆ ಸಗಣಿ ಸಾರಿಸಿ ಸುಮ್ನಾಗ್ತಿದ್ದೆ" ಎಂದು ನನ್ನ ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ನಗುವಾಗಲೂ ನನ್ನ ಕಿವಿ ಮಾತ್ರ ಗೋಡೆಯ ಕಡೆಗಿರುತ್ತದೆ.

ನಿಮಗೆ ಇದನ್ನು ಮೊದಲಿನಿಂದ ಹೇಳಬೇಕು. ಚಿಂತಾಮಣಿಯಲ್ಲಿ ನಮ್ಮದೊಂದು ಓಟದ ಬಳಗವಿದೆ. ಸಕ್ಕರೆ ಕಾಯಿಲೆ ಬಂದವರು, ಬಂದೀತೆಂದು ಹೆದರಿದವರು, ಮತ್ತು ನನ್ನ ಹಾಗೆ ಬೆಳಗಿನ ಒಂದು ಗಂಟೆಯಾದರೂ ಯಾರ ಅಮ್ಮನೂ ಯಾರ ಮೇಡಮ್ಮೂ ಆಗದೆ ಇರಬಯಸುವವರು ಸೇರಿ ಕಟ್ಟಿಕೊಂಡದ್ದು. ಓಡುವುದು ಅಭ್ಯಾಸವಾದ ಮೇಲೆ ಬಳಗಕ್ಕೊಂದು ನಾಚಿಕೆಯೂ ಹುಟ್ಟಿತು: ನಾವು ಹೊಟ್ಟೆ ಕರಗಿಸಲು ಓಡುತ್ತಿದ್ದರೆ, ಸುತ್ತಲಿನ ಹಳ್ಳಿಗಳಲ್ಲಿ ನಿಜವಾಗಿ ಓಡಬಲ್ಲ ಮಕ್ಕಳು ಪಿಯುಸಿ ಮುಗಿದ ಕೂಡಲೇ ಮೈದಾನವನ್ನೂ ಪುಸ್ತಕವನ್ನೂ ಒಟ್ಟಿಗೇ ಬಿಟ್ಟುಬಿಡುತ್ತಿದ್ದರು. ಹಾಗೆ ಶುರುವಾದದ್ದು ವಿದ್ಯಾರ್ಥಿವೇತನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕು ಕಡೆಯಿಂದ ವರ್ಷಕ್ಕೆ ಒಬ್ಬೊಬ್ಬ ಓಟಗಾರರಿಗೆ ಮೂರು ವರ್ಷದ ಡಿಗ್ರಿಯ ಶುಲ್ಕ ಮತ್ತು ಹಾಸ್ಟೆಲ್ಲಿನ ಖರ್ಚು.

ಆಯ್ಕೆಗೆ ನಮ್ಮಲ್ಲೊಂದು ಪದ್ಧತಿ. ನಿವೃತ್ತ ದೈಹಿಕ ಶಿಕ್ಷಕರೂ ಬಳಗದ ಹಿರಿಯರೂ ಆದ ನಾರಾಯಣಪ್ಪ ಮೇಷ್ಟ್ರು ಮಾಡಿದ್ದು. "ಎಷ್ಟು ಜೋರು ಓಡ್ತಾರೆ ಅಂತ ಗಡಿಯಾರ ಹೇಳ್ತದೆ ಕಣ್ರಯ್ಯ. ಎಂಥಾ ಮಗು ಅಂತ ಗಡಿಯಾರಕ್ಕೇನು ಗೊತ್ತು?" ಎನ್ನುವುದು ಅವರ ವಾದ. ಅದಕ್ಕಾಗಿ ಮಾತಿನ ಓಟ. ಬಳಗದ ಒಬ್ಬರು ಮಗುವಿನ ಪಕ್ಕದಲ್ಲಿ ಒಂದು ಗಂಟೆ ಓಡಬೇಕು. ಓಡುತ್ತ ಮಗು ಮಾತಾಡುತ್ತಿರಬೇಕು. ಮನೆ, ಓದು, ಆಸೆ, ಏನಾದರೂ ಸರಿ. ಮಾತು ನಿಂತರೆ ಉಸಿರು ಸಾಲದೆಂದು ಅಂಕ ಕಳೆಯುತ್ತೇವೆ. ಗಂಟೆಯೊಳಗೆ ಓಟವೇ ನಿಂತರೆ ಆ ವರ್ಷಕ್ಕೆ ಮುಗಿಯಿತು. ಬಳಿಕ ಬರೆಯಬೇಕಾದ ಹಾಳೆಯ ಕೊನೆಯಲ್ಲಿ, ಜೊತೆಗೆ ಓಡಿದವರು ಸಹಿ ಹಾಕಲು ಒಂದು ಸಾಲಿದೆ: "ಹಿಂದಿನ ದಿನ ಈ ದಾರಿಯನ್ನು ನಡೆದು ನೋಡಿ ಬಂದಿದ್ದೇನೆ."

ನಾನು ನಡೆದು ನೋಡಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ಹೊತ್ತು. ಮೇಜಿನ ಮೇಲೆ ಮಕ್ಕಳ ಲ್ಯಾಬ್ ರೆಕಾರ್ಡುಗಳು ಗೋಪುರದಂತೆ ನಿಂತಿದ್ದವು, ಒಂದಾದ ಮೇಲೊಂದಕ್ಕೆ ಸಹಿ ಹಾಕುತ್ತಿದ್ದೆ. ಅದೇ ಲಯದಲ್ಲಿ, ಅದೇ ಪೆನ್ನಿನಲ್ಲಿ, ಓಟದ ಹಾಳೆಗೂ ಮುಂಚಿತವಾಗಿಯೇ ಸಹಿ ಹಾಕಿದೆ. ಅಂಬಾಜಿದುರ್ಗದ ತಪ್ಪಲಿನ ಆ ಕಾಲುದಾರಿಯಲ್ಲಿ ನಾನು ನಾಲ್ಕು ವರ್ಷ ಓಡಿದವಳು. ಮಳೆಗಾಲ ಹಿಡಿದ ಮೇಲೆ ಆ ಕಡೆ ಹೋಗಿರಲಿಲ್ಲ, ಅಷ್ಟೆ. ಗೊತ್ತಿರುವ ದಾರಿಯನ್ನು ನಾವು ನೋಡುವುದಿಲ್ಲ, ನೆನೆಸಿಕೊಳ್ಳುತ್ತೇವೆ. ನೆನಪಿನ ದಾರಿಯನ್ನು ಯಾರೂ ಅಗೆಯಲಾರರು ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಕಾಲ ಕೆಳಗಿನ ನೆಲವೂ ಅದಕ್ಕೆ ಒಪ್ಪಿದೆಯೆಂದು ಭಾವಿಸಿಬಿಡುತ್ತೇವೆ.

ನನ್ನ ಪಾಲಿಗೆ ಬಂದ ಹುಡುಗಿ ಶಿಡ್ಲಘಟ್ಟದ ಕಡೆಯ ನಾಗವೇಣಿ. ರೇಷ್ಮೆ ಹುಳು ಸಾಕುವ ಮನೆ. ಹಿಂದಿನ ಸಂಜೆಯ ಬಸ್ಸಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಬೆಳಗ್ಗೆ ಆರಕ್ಕೆ ಊರ ಹೊರಗಿನ ಅರಳಿಕಟ್ಟೆಯ ಹತ್ತಿರ ನಾನು ಬರುವಷ್ಟರಲ್ಲಿ, ಮಂಜಿನೊಳಗೆ ಒಂದು ನೀಲಿ ಟೀ-ಶರ್ಟು ನಿಂತಿತ್ತು. ಹತ್ತಿರ ಹೋದ ಮೇಲೆ ಅದಕ್ಕೆ ಕೈಕಾಲು ಬಂದವು.

ಮೊದಲ ಅರ್ಧ ಗಂಟೆ ಅವಳ ಬಾಯಿಗೆ ಬಿಡುವಿರಲಿಲ್ಲ. ಬಿ.ಎಸ್ಸಿ. ಮಾಡಬೇಕು, ಓಟವನ್ನೂ ಬಿಡಬಾರದು. "ಈ ಕಾಸು ಬಂದ್ರೆ ಹಾಸ್ಟೆಲ್ ಸೇರ್ಕೊ, ಬರ್ಲಿಲ್ಲ ಅಂದ್ರೆ ಮಾವನ ರೀಲಿಂಗ್ ಯೂನಿಟ್‌ಗೆ ನಡಿ ಅಂದವ್ರೆ ಅಮ್ಮ. ಬಿಸ್ನೀರಲ್ಲಿ ಗೂಡು ಬೇಯ್ಸಿ ನೂಲು ತೆಗ್ಯೋದು. ಓದೋಕ್ ಬಿಡಲ್ಲ ಅಂತಲ್ಲ ಮೇಡಂ, ಆಗಲ್ಲ ಅಷ್ಟೆ" ಎಂದಳು. ಹುಳುಗಳು ನಿದ್ದೆ ಮಾಡುತ್ತವೆಯೇ ಎಂದು ಕೇಳಿದೆ. "ನಾವು ಮಾಡಲ್ಲ!" ಎಂದು ನಕ್ಕಳು. "ನಾಲ್ಕನೇ ಸಲ ಪೊರೆ ಬಿಟ್ಮೇಲೆ ಅವು ಸೊಪ್ಪು ತಿನ್ನೋ ಸದ್ದು ಮಳೆ ಬಂದಂಗಿರ್ತದೆ ಮೇಡಂ. ನಾವು ಹುಳದ ಮನೇಲೇ ಮಲಗ್ತೀವಿ. ಮಳೆ ನಿಂತ್ರೆ ಎಚ್ರ ಆಗೋಗ್ತದೆ, ಸೊಪ್ಪು ಮುಗೀತು ಅಂತ."

"ಹಾಗಾದ್ರೆ ನಿಂಗೆ ಅಲಾರಂ ಬೇಡ."

"ಎಲ್ರನ್ನೂ ಸದ್ದು ಎಬ್ಬಿಸ್ತದೆ. ನಮ್ಮನ್ನ ಸದ್ದಿಲ್ದೇ ಇರೋದು ಎಬ್ಬಿಸ್ತದೆ."

ಒಳ್ಳೆಯ ಮಾತು, ಹಾಳೆಯಲ್ಲಿ ಬರೆಯಬೇಕು ಎಂದುಕೊಂಡೆ. ಅಷ್ಟರಲ್ಲಿ ಮಣ್ಣಿನ ದಾರಿ ಮುಗಿದು ಹಾಸುಬಂಡೆ ಶುರುವಾಯಿತು, ಮತ್ತು ಮಂಜು ಎಷ್ಟು ದಟ್ಟವಾಯಿತೆಂದರೆ ನನ್ನ ಬೂಟುಗಳು ನನಗೆ ಕಾಣುತ್ತಿದ್ದರೂ ಅವು ಮುಂದೆ ಇಡಲಿರುವ ಜಾಗ ಕಾಣುತ್ತಿರಲಿಲ್ಲ. ಬಂಡೆಯ ಮೇಲೆ ನಮ್ಮಿಬ್ಬರ ಹೆಜ್ಜೆಗಳು ಟಪಟಪನೆ ಗಟ್ಟಿಯಾಗಿ ಕೇಳತೊಡಗಿದವು. ನಾಗವೇಣಿ ಮಾತು ನಿಲ್ಲಿಸಿದಳು.

"ಆಮೇಲೆ?" ಎಂದೆ. "ಮಾತಾಡ್ತಾ ಇರಬೇಕು ಕಣಮ್ಮ, ಗೊತ್ತಲ್ಲ?" ಅವಳು ನನ್ನ ಕಡೆ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಇಷ್ಟೇನೇ ಇವಳ ಉಸಿರು ಎಂದು ನನಗೆ ಬೇಸರವಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ಮನಸ್ಸಿನೊಳಗೆ ಅವಳ ಅಂಕ ಕಳೆಯುತ್ತಿದ್ದೆ.

ಮಾತಿಲ್ಲದ ಆ ಬಿಡುವಿನಲ್ಲಿ ನನಗೂ ಕೇಳಿಸಿತು. ಎದುರಿನಿಂದ ಯಾರೋ ಓಡಿ ಬರುತ್ತಿದ್ದರು. ಇಬ್ಬರು. ಅವಸರವಿಲ್ಲದ, ನಮ್ಮದೇ ಹದದ ಓಟ. ನಮ್ಮ ಬಳಗದವರೇ ಇರಬೇಕೆಂದು ನಾನು ರೂಢಿಯಂತೆ ಎಡಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ. ಹೆಜ್ಜೆಗಳು ಬರುತ್ತಲೇ ಇದ್ದವು, ಬಂದು ತಲುಪುತ್ತಿರಲಿಲ್ಲ. ಮತ್ತೊಂದು ಸಂಗತಿಯನ್ನು ನನ್ನ ಕಿವಿ ಅಂದೇ ಹಿಡಿದಿತ್ತು, ತಲೆ ಹಿಡಿಯಲಿಲ್ಲ. ಬರುತ್ತಿದ್ದವರಲ್ಲಿ ಒಬ್ಬರು ಬಲಗಾಲನ್ನು ತುಸು ಉಜ್ಜಿ ಓಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮಂಡಿ ನೋವು ಬಂದಾಗಿನಿಂದ ನಾನೂ ಹಾಗೆಯೇ ಓಡುವುದು.

ಆಗ ನಾಗವೇಣಿ ನಿಂತುಬಿಟ್ಟಳು.

"ನಿಲ್ಲಬೇಡ, ನಿಲ್ಲಬೇಡ! ಗಂಟೆ ಆಗಿಲ್ಲ, ಬಾ!" ಎಂದು ನಾನು ಅವಳನ್ನು ಹುರಿದುಂಬಿಸುತ್ತ, ಅರ್ಧ ಹಿಂದಕ್ಕೆ ತಿರುಗಿ ಕೈ ಬೀಸುತ್ತ, ಓಟ ನಿಲ್ಲಿಸದೆ ಮುಂದುವರಿದೆ. ಹತ್ತು ಹೆಜ್ಜೆ ಇರಬಹುದು. ಹಿಂದಿನಿಂದ ಯಾವುದೋ ರಭಸವಾಗಿ ಬಂದು ನನ್ನ ಜಾಕೆಟ್ಟಿನ ಟೋಪಿಯನ್ನು ಹಿಡಿದು ಎಳೆಯಿತು. ಕತ್ತು ಬಿಗಿದು, ಬೆನ್ನು ಬಂಡೆಗೆ ಬಡಿದು ಬಿದ್ದೆ. ಕೋಪದಿಂದ ಏಳಲು ಹೋದಾಗ ಕಾಲೂರಲು ನೆಲ ಸಿಗಲಿಲ್ಲ. ಮೊಣಕಾಲಿನ ಕೆಳಗಿನ ನನ್ನ ಕಾಲುಗಳು ಗಾಳಿಯಲ್ಲಿದ್ದವು. ಅವುಗಳ ಸುತ್ತ ಮಂಜು ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ, ಏಳುತ್ತಿತ್ತು.

ಮಳೆಗಾಲದಿಂದೀಚೆಗೆ ಯಾರೋ ಅಲ್ಲಿ ಕಲ್ಲು ಕ್ವಾರಿ ತೆಗೆದಿದ್ದರು. ದಾರಿಯನ್ನು ಚಾಕುವಿನಿಂದ ರೊಟ್ಟಿ ಕತ್ತರಿಸಿದಂತೆ ಕತ್ತರಿಸಿದ್ದರು. ಬೇಲಿಯಿಲ್ಲ, ಹಗ್ಗವಿಲ್ಲ, ಸುಣ್ಣ ಬಳಿದ ಒಂದು ಕಲ್ಲೂ ಇಲ್ಲ.

ತೆವಳಿಕೊಂಡು ಹಿಂದೆ ಬಂದು ಇಬ್ಬರೂ ಕುಳಿತೆವು. ನಾಗವೇಣಿ ನನ್ನ ಟೋಪಿಯನ್ನು ಇನ್ನೂ ಬಿಟ್ಟಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳು ಹೇಳಿದ್ದನ್ನು ನಾನು ಈ ತಿಂಗಳುಗಳಲ್ಲಿ ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ.

"ನಾವಿಬ್ರು ಓಡ್ತಿದ್ದಾಗ ಎದುರಿಂದ ಇಬ್ರು ಬರ್ತಿದ್ರು ಮೇಡಂ. ಎಷ್ಟೊತ್ತಾದ್ರೂ ಬರ್ಲಿಲ್ಲ. ಅನುಮಾನ ಬಂತು. ನಾನು ನಿಂತ್ಕೊಂಡೆ." ಅವಳು ಅಂಚಿನ ಆಚೆ ಕೈ ತೋರಿಸಿದಳು. "ಆಗ ಒಬ್ರೇ ಬರ್ತಿದ್ರು."

ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಗೋಡೆಯ ಚಿತ್ರ ಬರೆದು, ಬಾಣದ ಗುರುತು ಹಾಕಿ, ಧ್ವನಿ ಹೋಗಿ ಬರುವ ಹೊತ್ತನ್ನು ಭಾಗಿಸಿ ತೋರಿಸುವವಳು ನಾನು. ಕ್ವಾರಿಯ ಆಚೆ ಬದಿಯ ಕಡಿದ ಕಲ್ಲಿನ ಗೋಡೆ ನನ್ನ ಹೆಜ್ಜೆಗಳನ್ನೇ ನನಗೆ ಹಿಂದಿರುಗಿಸುತ್ತಿದ್ದಾಗ, ನಾನು ಅವಕ್ಕೆ ಮರ್ಯಾದೆಯಿಂದ ದಾರಿ ಬಿಟ್ಟುಕೊಟ್ಟೆ. ಹುಡುಗಿ ಲೆಕ್ಕ ಮಾಡಲಿಲ್ಲ, ಸುಮ್ಮನಾಗಿ ಕೇಳಿಸಿಕೊಂಡಳು. ಸುಮ್ಮನಾದರೆ ಅಂಕ ಹೋಗುತ್ತದೆಂದು ತಿಳಿದೂ ಸುಮ್ಮನಾದಳು, ನಿಂತರೆ ಕಾಲೇಜೇ ಹೋಗುತ್ತದೆಂದು ತಿಳಿದೂ ನಿಂತಳು. ಅವಳು ನಮ್ಮ ನಿಯಮವನ್ನು ವಿಧೇಯಳಾಗಿ ಪಾಲಿಸಿದ್ದರೆ ನಾವಿಬ್ಬರೂ ಮಾತಾಡುತ್ತ, ಬಹುಶಃ ನಗುತ್ತ, ಆ ಅಂಚನ್ನು ದಾಟುತ್ತಿದ್ದೆವು. ಈಗಲೂ ತರಗತಿಯಲ್ಲಿ ಉತ್ತರ ಹೇಳದೆ ನಿಂತ ಮಕ್ಕಳನ್ನು ಕಂಡರೆ ನನಗೆ ಮೊದಲಿನಂತೆ ಗದರಲು ಆಗುವುದಿಲ್ಲ. ಇವರು ಏನು ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಬೆನ್ನು ತಣ್ಣಗಾಗುತ್ತದೆ.

ಹಿಂದಿರುಗುವಾಗ ದಾರಿಯುದ್ದಕ್ಕೂ ನಡೆದೇ ಬಂದೆವು. ಅರಳಿಕಟ್ಟೆ ಕಾಣಿಸಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಮೇಡಂ, ಗಂಟೆ ಆಗ್ಲಿಲ್ವಲ್ಲ. ಇಲ್ಲಿಂದ ಆ ಕಡೆ ರೋಡಲ್ಲಿ ಇನ್ನರ್ಧ ಗಂಟೆ ಓಡ್ಬಿಡ್ಲಾ? ಲೆಕ್ಕಕ್ಕೆ ತಗೋತೀರ?"

ನನಗೆ ಅಳು ಬಂತು. ಅವಳಿಗೆ ಅದು ಇಲ್ಲ ಎಂಬ ಉತ್ತರದಂತೆ ಕಂಡಿರಬೇಕು. ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೋದಳು.

ಮನೆಗೆ ಬಂದು ಹಾಳೆಯ ಮುಂದೆ ಕುಳಿತೆ. ಸುಲಭದ ದಾರಿಯೊಂದಿತ್ತು: ಮಂಜಿನ ಕಾರಣ ಓಟ ಮುಂದೂಡಲಾಗಿದೆ ಎಂದು ಬರೆದರೆ ಸಾಕು. ಹುಡುಗಿಗೆ ಇನ್ನೊಂದು ಅವಕಾಶ ಸಿಗಬಹುದು, ನನ್ನ ಸಹಿಯ ಸುಳ್ಳು ಯಾರಿಗೂ ತಿಳಿಯದು. ಆದರೆ ಮುಂದಿನ ಭಾನುವಾರ ಗೌರಿಬಿದನೂರು ಕಡೆಯ ಮಂಚೇನಹಳ್ಳಿಯಿಂದ ಬರುವ ಹುಡುಗನಿಗೆ ಗೊತ್ತುಮಾಡಿದ್ದೂ ಅದೇ ದಾರಿಯೇ. ಅವನ ಜೊತೆ ಓಡುವವರು ನಡೆದು ನೋಡುತ್ತಾರೆಯೇ? ಮೊದಲು ಮೇಷ್ಟ್ರಿಗೆ ಫೋನು ಮಾಡಿ ಆ ದಾರಿಗೆ ಯಾರನ್ನೂ ಕಳಿಸಬೇಡಿ ಎಂದೆ. ಆಮೇಲೆ ನನ್ನ ಸಹಿಯ ಕೆಳಗೆ, ಇದು ಸುಳ್ಳು, ನಾನು ನಡೆದು ನೋಡಿರಲಿಲ್ಲ ಎಂದು ಬರೆದೆ. ಹಾಳೆ ಸಾಲದೆ ಹಿಂಬದಿಗೂ ಹೋಯಿತು.

ಬಳಗದ ಸಭೆಯಲ್ಲಿ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ತೆಗೆದು, "ಈ ಸಲ ಯಾರ್ಯಾರು ದಾರಿ ನಡೆದು ಸೈನ್ ಹಾಕಿದ್ದೀರಪ್ಪ? ಕೈ ಎತ್ತಿ" ಎಂದರು. ಒಂದು ಕೈಯೂ ಮೇಲೇಳಲಿಲ್ಲ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಕೆಳಗೆ ಸೇರಿಸಿಕೊಂಡರು. "ನಂದೂ ಇಲ್ಲ. ನಾವು ಮಕ್ಕಳಿಗೆ ಪರೀಕ್ಷೆ ಮಾಡ್ತಿದ್ವಿ ಅನ್ಕೊಂಡಿದ್ದೆ ಕಣ್ರಯ್ಯ."

ಗಂಟೆ ಮುಗಿಯದ ಓಟಕ್ಕೆ ಕೊಡುವುದು ಹೇಗೆ ಎಂದು ಒಬ್ಬರು ಕೇಳಿದರು. "ಜೊತೆಗೆ ಓಡಿದವರನ್ನ ಜೀವಂತ ವಾಪಸ್ ತಂದವಳೆ, ಇನ್ನೇನು ಬೇಕಯ್ಯ ನಿಂಗೆ?" ಎಂದರು ಮೇಷ್ಟ್ರು. ಶಿಡ್ಲಘಟ್ಟದ ಪಾಲು ನಾಗವೇಣಿಗೆ ಹೋಯಿತು. ಮಾತಿನ ಅಂಕವನ್ನು ಹಾಳೆಯಿಂದಲೇ ತೆಗೆದರು. ಎಲ್ಲ ದಾರಿಗಳನ್ನೂ ನಡೆದು ಮುಗಿಸುವವರೆಗೆ ನಾನು ಯಾವ ಮಗುವಿನ ಜೊತೆಗೂ ಓಡಕೂಡದೆಂದು ಸಭೆ ತೀರ್ಮಾನಿಸಿತು, ಅದು ನ್ಯಾಯವೇ.

ಸುದ್ದಿ ಹೇಳಲು ಫೋನು ಮಾಡಿದಾಗ ನಾಗವೇಣಿ ಮೊದಲು ಅಮ್ಮನನ್ನು ಕೂಗಿದಳು, ಆಮೇಲೆ ಒಂದಿಷ್ಟು ಹೊತ್ತು ಅಲ್ಲಿ ತೆಲುಗು ಕನ್ನಡ ಎರಡರಲ್ಲೂ ಗದ್ದಲವಾಯಿತು. ಮತ್ತೆ ಫೋನಿಗೆ ಬಂದವಳು, "ಅಕ್ಕಾ, ನೀವು ಓಡ್ತಿದ್ದೀರ?" ಎಂದಳು. ಮೇಡಂ ಹೋಗಿ ಅಕ್ಕ ಆಗಿದ್ದೆ.

"ಇಲ್ಲಮ್ಮ. ಆಗ್ತಿಲ್ಲ."

"ಹಂಗಾದ್ರೆ ನಡ್ಯೋಣ ಬನ್ನಿ. ದಾರಿ ನೋಡ್ಬೇಕಂತಲ್ಲ ನೀವು."

ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್ಲಿನಲ್ಲಿ ಬಂದಳು. ಸ್ವಚ್ಛ ಬಿಸಿಲಿನ ಬೆಳಗು. ಪಂಚಾಯಿತಿಗೆ ನಾವು ಬರೆದ ಕಾಗದಕ್ಕೆ ಅಲ್ಲಿ ಒಂದು ಹಗ್ಗ ಬಂದಿತ್ತು. ಹಗ್ಗದ ಆಚೆ, ಬಂಡೆ ಮುಗಿಯುವಲ್ಲಿ, ನಾಲ್ಕು ವರ್ಷ ನಾನು ಓಡಿದ ದಾರಿಯ ಮುಂದಿನ ಭಾಗವಿರಬೇಕಾದ ಕಡೆ, ಆಕಾಶವಿತ್ತು. ನನ್ನ ಕಾಲುಗಳಿಗೆ ಮಾತ್ರ ಅದು ಇನ್ನೂ ದಾರಿಯೇ. ಮುಂದೆ ಹೋಗಲು ಅವು ತುಡಿಯುತ್ತಿದ್ದುದು ನನಗೆ ತಿಳಿಯುತ್ತಿತ್ತು. ಹಗ್ಗವನ್ನು ಬಿಗಿಯಾಗಿ ಹಿಡಿದೆ.

"ಎಷ್ಟು ಆಳ ಇರಬಹುದಮ್ಮ?" ಎಂದೆ.

ಅವಳು ಸುತ್ತ ನೋಡಿ, ಮುಷ್ಟಿಯಷ್ಟು ದೊಡ್ಡ ಕಲ್ಲೊಂದನ್ನು ಆರಿಸಿ, ಹಗ್ಗದ ಮೇಲಿಂದ ಎಸೆದಳು. ಕಲ್ಲು ಅಂಚು ದಾಟಿ ಮರೆಯಾಯಿತು. ಇಬ್ಬರೂ ಕಿವಿಗೊಟ್ಟು ನಿಂತೆವು. ಅದು ತಳ ಮುಟ್ಟಿದ ಸದ್ದು ಮೇಲೆ ಬರುವಷ್ಟರಲ್ಲಿ, ಒಂದು ಹಾಳೆಗೆ ನನ್ನ ಸಹಿಯನ್ನು ಮೊದಲಕ್ಷರದಿಂದ ಕೆಳಗೆಳೆಯುವ ಗೆರೆಯವರೆಗೆ ಪೂರ್ತಿ ಹಾಕಿ ಮುಗಿಸಬಹುದಿತ್ತು.