ಫೂಸಿಯ ಹಂದಿ ಮುಳುಗಲಿಲ್ಲ

ನನ್ನ ತಮ್ಮ ಲಿಸಿಯಾತೆಯ ಹೆಂಡತಿ ಫೂಸಿ ಬೈಬಲನ್ನು ನಂಬುತ್ತಿದ್ದ ರೀತಿಗೆ ಪಾದ್ರಿಗಳೇ ಗಾಬರಿಯಾಗುತ್ತಿದ್ದರು. ಬಿಳಾಮನ ಕತ್ತೆ ಮಾತಾಡಿತೆಂದು ಕೇಳಿದಾಗಿನಿಂದ ದಾರಿಯಲ್ಲಿ ಕಂಡ ಕುದುರೆಗೆಲ್ಲ "ಚೆನ್ನಾಗಿದ್ದೀಯೇನಪ್ಪಾ?" ಎನ್ನುತ್ತಿದ್ದಳು. ಯಾರಾದರೂ ನಕ್ಕರೆ, "ಕೇಳೋದು ನನ್ನ ಧರ್ಮ. ಉತ್ತರ ಕೊಡೋದು ಬಿಡೋದು ಅದರ ಇಷ್ಟ" ಎಂದು ಮುಂದೆ ಹೋಗುವಳು. ಏಳು ಸುತ್ತು ಬಂದು ಕೊಂಬು ಊದಿದ್ದಕ್ಕೆ ಯೆರಿಕೋ ಕೋಟೆ ಬಿತ್ತಲ್ಲ, ಅದಕ್ಕೇ ಮೊಮ್ಮಕ್ಕಳು ಮನೆ ಸುತ್ತ ಓಡಿದರೆ ಆರನೇ ಸುತ್ತಿಗೆ ಹಿಡಿದು ಕೂರಿಸುತ್ತಿದ್ದಳು. ಆ ತಗಡಿನ ಮನೆ ಬೀಳಲು ಕೊಂಬೇನೂ ಬೇಕಿರಲಿಲ್ಲ, ಯಾರಾದರೂ ಜೋರಾಗಿ ಸೀನಿದ್ದರೆ ಸಾಕಿತ್ತು.

ಇಂಥವಳಿಗೆ ಅನುಮಾನ ಹತ್ತಿದ್ದು ಹಂದಿಯಿಂದ. ಮೇ ತಿಂಗಳ ಮಕ್ಕಳ ಭಾನುವಾರ ಚರ್ಚಿನಲ್ಲಿ ಒಪ್ಪಿಸಲು ಮೊಮ್ಮಗಳು ಲಾವಿನಿಯಾಗೆ ಸಿಕ್ಕಿದ್ದು ಏಸು ಸ್ವಾಮಿ ದೆವ್ವ ಬಿಡಿಸಿದ ಕತೆ. ದೆವ್ವಗಳು ಮನುಷ್ಯನನ್ನು ಬಿಟ್ಟು ಹಂದಿಗಳೊಳಗೆ ಹೊಕ್ಕವು, ಎರಡು ಸಾವಿರ ಹಂದಿ ಕಡಿದಾದ ದಂಡೆಯಿಂದ ನೀರಿಗೆ ಬಿದ್ದು ಮುಳುಗಿ ಸತ್ತವು ಎಂದು ಹುಡುಗಿ ಗಟ್ಟಿ ಮಾಡುತ್ತಿದ್ದಳು. ಫೂಸಿ ಕೈಯಲ್ಲಿದ್ದ ಕೆಸುವಿನೆಲೆ ಕೆಳಗಿಟ್ಟಳು.

"ಏನಂದೆ? ಹಂದಿ ಮುಳುಗಿದ್ವಾ?"

ನಮ್ಮ ತೊಂಗಾ ದ್ವೀಪದ ಹಂದಿಗಳಿಗೆ ಸಮುದ್ರವೇ ಅಡುಗೆಮನೆ. ನೀರಿಳಿದ ಕೂಡಲೇ ಹೊರಟು, ಮೂತಿ ಅದ್ದಿ ಏಡಿ, ಚಿಪ್ಪು, ಸಿಕ್ಕರೆ ಮೀನು, ಎಲ್ಲ ತಿಂದು, ನೀರೇರಿದರೆ ಈಜಿಕೊಂಡು ಮನೆಗೆ ಬರುತ್ತವೆ. ಫೂಸಿಯ ಗಂಡುಹಂದಿ ಕಪ್ತಾನನಂತೂ ನಮ್ಮೂರ ಅರ್ಧ ಗಂಡಸರಿಗಿಂತ ಚೆನ್ನಾಗಿ ಈಜುತ್ತಿತ್ತು.

ಅವಳು ನೇರ ಪಾದ್ರಿ ಮೊಸೆಸೆಯವರನ್ನೇ ಹಿಡಿದಳು. "ಪಾದ್ರಿಗಳೇ, ಆ ಊರಿನ ಹಂದಿಗೆ ಈಜು ಬರ್ತಿರ್ಲಿಲ್ವಾ?"

"ಅಲ್ಲಿ ಮುಖ್ಯ ಹಂದಿಯಲ್ಲಮ್ಮ, ದೆವ್ವ."

"ಹಂದಿ ಸುಳ್ಳಾದ್ರೆ ದೆವ್ವ ಹೇಗೆ ನಿಜ ಆಗುತ್ತೆ?"

ಪಾದ್ರಿಗಳು ಊಟದ ಹೊತ್ತಾಯಿತೆಂದು ಎದ್ದರು. ನನಗೆ ರೇಗಿಹೋಯಿತು. ನಮ್ಮಲ್ಲಿ ಗಂಡನ ಅಕ್ಕ ಬಾಯಿ ಬಿಟ್ಟರೆ ಮನೆಯೇ ತೆಪ್ಪಗಾಗಬೇಕು.

"ಸಾಕು ಮಾಡೇ ನಿನ್ನ ಹಂದಿ ಪುರಾಣ! ಊರವರೆಲ್ಲ ನಗ್ತಿದ್ದಾರೆ."

ಅವಳು ತೆಪ್ಪಗಾಗಲಿಲ್ಲ, ಗೊಳೋ ಎಂದು ಅತ್ತಳು. "ಅಕ್ಕಾ, ಇವ್ರನ್ನ ಮಣ್ಣು ಮಾಡಿದ ದಿನ ಪಾದ್ರಿಗಳು ಅದೇ ಪುಸ್ತಕ ಹಿಡ್ಕೊಂಡಲ್ವಾ ಹೇಳಿದ್ದು, ಮತ್ತೆ ಸಿಗ್ತಾರೆ ಅಂತ? ಹಂದಿ ವಿಷಯ ಸುಳ್ಳಾದ್ರೆ ಇವ್ರು ಸಿಗೋ ವಿಷಯ ಏನು?"

ನಾನು ಬೈಯುವುದು ಬಿಟ್ಟು ಅವಳ ಪಕ್ಕ ಕೂತೆ. ಸತ್ತವನು ನನ್ನ ತಮ್ಮ ತಾನೇ.

ಶನಿವಾರ ಬೆಳಿಗ್ಗೆ ಫೂಸಿ ಕಪ್ತಾನನ ಕಾಲಿಗೆ ಹಗ್ಗ ಕಟ್ಟಿಕೊಂಡು ಬಂದಳು. ಮಕ್ಕಳ ಹಬ್ಬದೂಟಕ್ಕೆ ಆ ಸಂಜೆಯೇ ಅದನ್ನು ಕೊಯ್ಯುವುದೆಂದಾಗಿತ್ತು. ಪಾದ್ರಿಗಳು ವಾರವಿಡೀ ಬಂದು ಅದರ ಬೆನ್ನು ಸವರಿ ಹೋಗಿದ್ದರು.

"ನಮ್ಮ ಹಂದಿ ನಡ್ಕೊಂಡು ನೀರಿಗಿಳಿಯುತ್ತೆ ಅಕ್ಕಾ. ಅವು ಮೇಲಿಂದ ಬಿದ್ವು. ಸಮುದ್ರದ ದಂಡೆಯ ಬಂಡೆ ಮೇಲಿಂದ ತಳ್ಳಿ ನೋಡೋಣ. ಮುಳುಗಿದ್ರೆ ಬೈಬಲ್ ನಿಜ."

"ಮುಳುಗಿದ್ರೆ ನಾಳೆ ಊಟಕ್ಕೇನೇ?"

"ಊಟಕ್ಕಿಂತ ಗಂಡ ದೊಡ್ಡೋನು."

ನಾನೂ ಹೋದೆ. ಯಾರಾದರೂ ಬುದ್ಧಿ ಇದ್ದವರು ಜೊತೆಗಿರಬೇಕಲ್ಲ. ಬಂಡೆಯ ತುದಿಗೆ ಬಂದ ಮೇಲೆ ಹಗ್ಗ ಬಿಚ್ಚಿ, ಒಂದು ಕೈಯಲ್ಲಿ ತೆಂಗಿನಕಾಯಿ ಹೋಳು ತೋರಿಸುತ್ತ, ಇನ್ನೊಂದು ಕೈಯಿಂದ ಅದರ ಹಿಂಭಾಗ ತಳ್ಳಿದಳು. ಕಪ್ತಾನ ಕೂತುಬಿಟ್ಟಿತು. ಬೈದಳು, ಮುದ್ದು ಮಾಡಿದಳು, ಕೊನೆಗೆ ಹಿಂದೆ ಸರಿದು ಓಡಿಬಂದು ಭುಜ ಕೊಟ್ಟಳು. ಆ ಹಂದಿ ಎದ್ದು ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಫೂಸಿ ಒಬ್ಬಳೇ ಕೆಳಗೆ ಹೋದಳು, ತೆಂಗಿನಕಾಯಿ ಸಮೇತ.

ಅವಳಿಗೆ ಈಜು ಬಾರದು! ನಾನು ಕಿರುಚಿದ್ದಕ್ಕೆ ಊರೇ ಓಡಿಬಂತು. ಅಷ್ಟರಲ್ಲಿ ಕಪ್ತಾನ ಬಗ್ಗಿ ನೋಡಿ, ತೆಂಗಿನಕಾಯಿ ಹೋಗುತ್ತಿರುವುದು ಕಂಡು, ತಾನೂ ಧುಮುಕಿತು. ಮುಳುಗಿ ಎದ್ದ ಫೂಸಿ ಅದರ ಕಿವಿ ಹಿಡಿದಳು. ಅದು ಅವಳನ್ನು ಎಳೆದುಕೊಂಡೇ ಮರಳಿಗೆ ಬಂದು, ಅವಳ ಮುಷ್ಟಿಯಿಂದ ಕಾಯಿ ಕಿತ್ತು ತಿಂದಿತು.

"ದೆವ್ವ ಹಂದಿಗೆ ಹೋಗೋದು ಬಿಟ್ಟು ಫೂಸಿಗೆ ಬಂತಲ್ರೋ!" ಎಂದು ಜನ ಹೊಟ್ಟೆ ಹಿಡಿದು ನಕ್ಕರು. ಪಾದ್ರಿಗಳು ಏದುಸಿರು ಬಿಡುತ್ತ ಬಂದವರೇ, "ಹಂದಿಗೇನೂ ಆಗಿಲ್ಲ ತಾನೇ?" ಎಂದರು.

ಫೂಸಿ ಉಪ್ಪುನೀರು ಕಕ್ಕಿ ನನ್ನ ಕೈ ಹಿಡಿದಳು. ಮುಖ ತುಂಬ ನಗು. "ಅಕ್ಕಾ, ಮುಳುಗ್ತಾ ಇದ್ದಾಗ ನಾನೇನಂದೆ ಗೊತ್ತಾ? 'ರೀ, ಸ್ವಲ್ಪ ಸರ್ಕೊಳ್ಳಿ, ನಾನೂ ಬಂದೆ' ಅಂದೆ. ಒದ್ದೆ ಅಂಗಿ ಬಾಗಿಲ ಮೇಲೆ ಹಾಕಿದ್ದೀರೇನು ಅಂತ ಬೈಯೋಕೂ ಶುರು ಮಾಡಿದ್ದೆ. ಇವ್ರು ಅಲ್ಲಿ ಇರ್ತಾರೋ ಇಲ್ವೋ ಅನ್ನೋ ಯೋಚನೇನೇ ಬರಲಿಲ್ಲ."

ಲಿಸಿಯಾತೆ ಸಾಯುವವರೆಗೂ ಒದ್ದೆ ಅಂಗಿಯನ್ನು ಬಾಗಿಲ ಮೇಲೆಯೇ ಹಾಕುತ್ತಿದ್ದ. ಊರವರ ಮುಂದೆ, ಆ ಹಂದಿಯ ಮುಂದೆ, ನಾನು ಅತ್ತುಬಿಟ್ಟೆ.

ಪ್ರಾಣ ಉಳಿಸಿದ ಹಂದಿಯನ್ನು ಕೊಯ್ಯಲು ಫೂಸಿ ಬಿಡಲಿಲ್ಲ. ಭಾನುವಾರ ಲಾವಿನಿಯಾ "ಮುಳುಗಿ ಸತ್ತವು" ಎನ್ನುವಾಗ ಇಡೀ ಚರ್ಚು ತಿರುಗಿ ಫೂಸಿಯನ್ನು ನೋಡಿತು. ಅವಳು, ಚರ್ಚಿಗೆ ಹೋಗುವಾಗ ನಾವೆಲ್ಲ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು.

ಊಟಕ್ಕೆ ಡಬ್ಬಿಯ ದನದ ಮಾಂಸ ಅಗಿಯುತ್ತ ಪಾದ್ರಿಗಳು ಮುಖ ಹುಳ್ಳಗೆ ಮಾಡಿ ಕೇಳಿದರು: "ಅಂತೂ ಆ ಹಂದಿಗಳು ಮುಳುಗಿದ್ದು ನಿಜ ಅಂತೀಯೋ, ಸುಳ್ಳು ಅಂತೀಯೋ?"

"ಅದು ನಂಗೇನು ಗೊತ್ತು ಪಾದ್ರಿಗಳೇ? ಇವ್ರು ಹೋಗಿ ಮೂರು ವರ್ಷ ಆಯ್ತು, ಇಷ್ಟು ಹೊತ್ತಿಗೆ ಅಲ್ಲಿ ವಿಚಾರಿಸಿರ್ತಾರೆ. ನಾನು ಹೋದಾಗ ಇವ್ರನ್ನೇ ಕೇಳ್ತೀನಿ. ಇನ್ನೊಂದು ತುಂಡು ಹಾಕ್ಲಾ?"